ರನ್ನನ ಮರುಳೂ ಆಕ್ಸ್‌ಫರ್ಡಿನ ಪಂಡಿತನೂ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ ಕಡಕೊಳ ಕಳೆದ ಮೇಲೆ ತಾಂಡವಪುರ. ಅಲ್ಲಿಂದ ಪೂರ್ವದಿಕ್ಕಿಗೆ, ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲಿನ ಕಡೆಗೆ ಹೊರಟವರು ನರಸೀಪುರದ ತಾಲ್ಲೂಕನ್ನು ಹೊಗುತ್ತಾರೆ. ಆ ತಾಲ್ಲೂಕಿಗೆ ಸೇರಿದ ದೊಡ್ಡಹುಂಡಿ ಎಂಬ ಹಳ್ಳಿಯ ಹೆಸರು ಶಾಸನಗಳನ್ನು ಓದಿದವರಿಗೆಲ್ಲ ಪರಿಚಿತ. ಅಲ್ಲಿ ದೊರೆತ ಒಂಬತ್ತನೆಯ ಶತಮಾನದ ಕಲ್ಲಿನಲ್ಲಿ ಗಂಗರ ಅರಸು ನೀತಿಮಾರ್ಗನ ಸಾವನ್ನು ಕಂಡರಿಸಿದ್ದಾರೆ. ಅರಸನು ಮಂಚದ ಮೇಲೆ ಒರಗಿದ್ದಾನೆ. ಮಗನು ಎದುರಿಗೆ ನಿಂತಿದ್ದಾನೆ. ನಂಬಿದ ಸೇವಕನೊಬ್ಬನು ಅರಸನಿಗೆ ಆಸರೆಯಾಗಿದ್ದಾನೆ. ಅರಸನು ಸ್ವರ್ಗವನ್ನೇರಿದಾಗ ಅವನ ಮನೆಯಾಳು ಅಗರಯ್ಯನು ‘ಕೀಳ್ಗುಂಟೆ’ಯಾದನೆಂದು ಬರಹ ಹೇಳುತ್ತದೆ. ಒಡೆಯನ ಗುಣಿಯ ಕೆಳಗೆ ತಾನೂ ಗುಣಿಯಾಗುವುದು ಎಂದು ಆ ಮಾತಿಗೆ ವಿದ್ವಾಂಸರು ಅರ್ಥ ಹೇಳುತ್ತಾರೆ.

ಈ ಕಲ್ಲನ್ನು ಎರಡು ಬಗೆಯಲ್ಲಿ ಓದಬಹುದು. ನೀತಿಮಾರ್ಗ ಎಂಬ ಬಿರುದಿನ ಅರಸರಲ್ಲಿ ಇವನು ಯಾರು, ಇವನ ಮರಣ ಯಾವ ವರ್ಷದಲ್ಲಿ, ಪಟ್ಟಕ್ಕೆ ಬಂದವನು ಯಾರು ಎಂದು ಕೇಳುವುದು ಒಂದು ಬಗೆ. ಅಗರಯ್ಯನು ಗುಣಿಗೆ ಇಳಿದಾಗ ಅವನ ಮನಸ್ಸಿನಲ್ಲಿ ಏನಿದ್ದಿತು, ಅದನ್ನು ನೋಡಿ ನಿಂತ ಜನರ ಮನಸ್ಸಿನಲ್ಲಿ ಏನಿದ್ದಿತು ಎಂದು ಕೇಳುವುದು ಇನ್ನೊಂದು ಬಗೆ. ಮೊದಲನೆಯದು ಚರಿತ್ರಕಾರನ ಪ್ರಶ್ನೆ, ಎರಡನೆಯದು ಕಾವ್ಯವನ್ನು ಓದುವವನ ಪ್ರಶ್ನೆ. ಹಳೆಯ ಕಾವ್ಯಗಳ ವಿಚಾರದಲ್ಲಿ ನಾವು ಬಹುಕಾಲ ಮೊದಲನೆಯ ಪ್ರಶ್ನೆಯನ್ನೇ ಕೇಳುತ್ತ ಬಂದೆವು. ಎರಡನೆಯದನ್ನು ಕೇಳುವುದಕ್ಕೆ ಪಾಂಡಿತ್ಯವಿದ್ದರೆ ಸಾಲದು. ಪಂಡಿತನೊಳಗೆ ಒಬ್ಬ ಕವಿಯೂ ಇರಬೇಕು. ಅಂಥ ಇಬ್ಬರನ್ನು, ಒಬ್ಬ ಇಂಗ್ಲೆಂಡಿನವರು, ಒಬ್ಬರು ನಮ್ಮವರು, ಜೊತೆಗಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಜೆ. ಆರ್. ಆರ್. ಟೋಲ್ಕೀನರ ಹೆಸರನ್ನು ಕೇಳದವರು ಇಂದು ವಿರಳ. ಕುಬ್ಜರು, ಗಂಧರ್ವರಂಥ ದೀರ್ಘಾಯುಗಳು, ನಡೆದಾಡುವ ಮರಗಳು, ಹಾಳು ಮಾಡುವ ಉಂಗುರ, ಇವುಗಳಿಂದ ತುಂಬಿದ ಅವರ ಅದ್ಭುತ ಕಥೆಗಳನ್ನು ಲೋಕವೆಲ್ಲ ಓದಿದೆ. ‘ಹಾಬಿಟ್’ 1937ರಲ್ಲಿಯೂ ‘ಲಾರ್ಡ್ ಆಫ್ ದಿ ರಿಂಗ್ಸ್’ 1954-55ರಲ್ಲಿಯೂ ಹೊರಬಂದುವು. ಆದರೆ ಟೋಲ್ಕೀನರ ಸಂಬಳದ ಕೆಲಸ ಕಥೆ ಹೇಳುವುದಾಗಿರಲಿಲ್ಲ. 1925ರಿಂದ 1945ರ ವರೆಗೆ ಅವರು ಆಕ್ಸ್‌ಫರ್ಡಿನಲ್ಲಿ ಆಂಗ್ಲೋ-ಸ್ಯಾಕ್ಸನ್ ಭಾಷೆಯ ಪ್ರಾಧ್ಯಾಪಕರು. ಅನಂತರ 1959ರ ವರೆಗೆ ಅಲ್ಲಿಯೇ ಇಂಗ್ಲಿಷ್ ಭಾಷೆ ಸಾಹಿತ್ಯಗಳ ಪ್ರಾಧ್ಯಾಪಕರು. ಮೊದಲ ಮಹಾಯುದ್ಧ ಮುಗಿದು ಬಂದ ಹೊಸದರಲ್ಲಿ ಆಕ್ಸ್‌ಫರ್ಡ್ ನಿಘಂಟಿನ ಕಚೇರಿಯಲ್ಲಿ ಪದಗಳ ಬೇರನ್ನು ಹುಡುಕುವ ಕೆಲಸ ಮಾಡಿದರು. 1922ರಲ್ಲಿ ಮಧ್ಯಕಾಲದ ಇಂಗ್ಲಿಷಿಗೆ ಒಂದು ಶಬ್ದಕೋಶ, 1925ರಲ್ಲಿ ಇ. ವಿ. ಗಾರ್ಡನ್ ಅವರೊಡನೆ ‘ಸರ್ ಗವೈನ್ ಮತ್ತು ಹಸಿರು ವೀರ’ ಕಾವ್ಯದ ಸಂಪಾದನೆ. 1929ರಲ್ಲಿ ‘ಆಂಕ್ರೆನ್ ವಿಸ್ಸೆ’ ಎಂಬ ಧಾರ್ಮಿಕ ಗದ್ಯದ ಭಾಷೆಯನ್ನು ಕುರಿತ ಲೇಖನ. 1962ರಲ್ಲಿ ಅದೇ ಗ್ರಂಥದ ಒಂದು ಹಸ್ತಪ್ರತಿಯ ಮುದ್ರಣ. ಇವು ಸಾಮಾನ್ಯ ಓದುಗನು ಕೈಗೆತ್ತಿಕೊಳ್ಳುವ ಪುಸ್ತಕಗಳಲ್ಲ. ಆದರೆ ಇವುಗಳ ನಡುವೆ ಒಂದು ಉಪನ್ಯಾಸವಿದೆ. ಅದೊಂದೇ ಸಾಕು ಅವರ ಹೆಸರನ್ನು ವಿಮರ್ಶೆಯ ಚರಿತ್ರೆಯಲ್ಲಿ ನಿಲ್ಲಿಸುವುದಕ್ಕೆ.

1936ನೆಯ ನವೆಂಬರ್ 25ರಂದು ಬ್ರಿಟಿಷ್ ಅಕಾಡೆಮಿಯಲ್ಲಿ ಅವರು ‘ಬಿಯೊವುಲ್ಫ್’ ಕಾವ್ಯವನ್ನು ಕುರಿತು ಮಾತನಾಡಿದರು. ಸುಮಾರು ಮೂರು ಸಾವಿರದ ಇನ್ನೂರು ಸಾಲುಗಳ ಈ ಹಳೆಯ ಇಂಗ್ಲಿಷ್ ಕಾವ್ಯ ನಮಗೆ ಉಳಿದಿರುವುದು ಒಂದೇ ಒಂದು ಹಸ್ತಪ್ರತಿಯಲ್ಲಿ. 1731ರ ಬೆಂಕಿಯಲ್ಲಿ ಅದರ ಅಂಚುಗಳೂ ಸುಟ್ಟುಹೋದುವು. ಕಥೆ ಸರಳ. ಯುವಕ ಬಿಯೊವುಲ್ಫನು ಗ್ರೆಂಡೆಲ್ ಎಂಬ ರಕ್ಕಸನನ್ನೂ ಅವನ ತಾಯಿಯನ್ನೂ ಕೊಲ್ಲುತ್ತಾನೆ. ಐವತ್ತು ವರ್ಷ ರಾಜ್ಯವಾಳಿ ಮುದುಕನಾದ ಮೇಲೆ ಬೆಂಕಿಯುಗುಳುವ ಘಟಸರ್ಪವನ್ನು ಇದಿರಿಸಿ, ಅದನ್ನು ಕೊಂದು ತಾನೂ ಸಾಯುತ್ತಾನೆ. ಪಂಡಿತರಿಗೆ ಇದು ಇತಿಹಾಸದ ಗಣಿಯಾಗಿದ್ದಿತು. ಯಾವ ಕುಲ ಎಲ್ಲಿತ್ತು, ಯಾವ ದೊರೆ ಎಂದು ಸತ್ತ, ಕ್ರೈಸ್ತಮತ ಎಷ್ಟು, ಹಳೆಯ ಮತ ಎಷ್ಟು ಎಂದು ಅಗೆದರು. ಅಗೆದವರಿಗೆ ಒಂದು ಕೊರಗು ಮಾತ್ರ ಉಳಿಯಿತು: ಇಷ್ಟು ಘನವಾದ ಶೈಲಿಯ ಕವಿ ರಕ್ಕಸ, ಸರ್ಪ ಎಂಬ ಅಜ್ಜಿಕಥೆಯನ್ನು ನಡುಮನೆಯಲ್ಲಿ ಕೂರಿಸಿ, ವೀರಕುಲಗಳ ನಿಜವಾದ ಕಥೆಯನ್ನು ಜಗಲಿಗೆ ತಳ್ಳಿದನಲ್ಲ ಎಂದು.

ಟೋಲ್ಕೀನರು ಈ ಕೊರಗಿಗೆ ಒಂದು ದೃಷ್ಟಾಂತದಿಂದ ಉತ್ತರ ಕೊಟ್ಟರು. ಒಬ್ಬನಿಗೆ ಪಿತ್ರಾರ್ಜಿತವಾಗಿ ಬಂದ ಹೊಲದಲ್ಲಿ ಹಳೆಯ ಕಟ್ಟಡದ ಕಲ್ಲುಗಳು ಬಿದ್ದಿದ್ದುವು. ಅವುಗಳಿಂದ ಅವನೊಂದು ಗೋಪುರ ಕಟ್ಟಿದ. ಬಂದ ಮಿತ್ರರು, ಕಲ್ಲು ಹಳೆಯದೆಂದು ಕಂಡೊಡನೆ, ಅದರಲ್ಲಿ ಬರಹವೇನಾದರೂ ಇದ್ದೀತೆಂದು ಗೋಪುರವನ್ನು ಕೆಡವಿ ಹುಡುಕಿದರು. ಆ ಮೇಲೆ, ಎಂಥ ಗಲಿಬಿಲಿಯ ಕಟ್ಟಡ ಎಂದು ಗೊಣಗಿದರು. ಆದರೆ ಕಟ್ಟಿದವನು ಆ ಗೋಪುರದ ತುದಿಯಿಂದ ಸಮುದ್ರವನ್ನು ಕಂಡಿದ್ದ! ರಕ್ಕಸರು ಈ ಕಾವ್ಯದ ದೋಷವಲ್ಲ, ಅದರ ಜೀವ ಎಂಬುದು ಅವರ ವಾದ. ಮನುಷ್ಯ ಮನುಷ್ಯನೊಡನೆ ಹೊಡೆದಾಡಿದರೆ ಅದು ಒಂದು ಕುಲದ ಜಗಳ. ಕತ್ತಲೆಯೊಡನೆ, ಕಾಲದೊಡನೆ ಹೊಡೆದಾಡಿದರೆ ಅದು ಎಲ್ಲ ಮನುಷ್ಯರ ಪಾಡು. ಕೊನೆಗೆ ಸೋಲು ನಿಶ್ಚಯವೆಂದು ತಿಳಿದೂ ನಿಲ್ಲುವ ಧೈರ್ಯವೇ ಆ ಉತ್ತರದೇಶದ ಕವಿಯ ವಸ್ತು.

ಈ ಮಾತುಗಳನ್ನು ಕನ್ನಡಿಗನು ಓದುವಾಗ ಎಲ್ಲಿಯೋ ಕೇಳಿದಂತೆ ಅನ್ನಿಸುವುದಿಲ್ಲವೆ? ನಮ್ಮ ಹಳಗನ್ನಡದ ಕಾವ್ಯಗಳ ಗತಿಯೂ ಇದೇ ಆಗಿದ್ದಿತು. ಬಿ. ಎಲ್. ರೈಸರು ಶಾಸನಗಳನ್ನು ಸಂಗ್ರಹಿಸಿದರು. ಮೈಸೂರು ಜಿಲ್ಲೆಯ ಶಾಸನಗಳ ಮೊದಲ ಭಾಗ 1894ರಲ್ಲಿ ಅಚ್ಚಾಯಿತು. ಆರ್. ನರಸಿಂಹಾಚಾರ್ಯರು ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳನ್ನು 1907ರಿಂದ 1929ರ ವರೆಗಿನ ಅವಧಿಯಲ್ಲಿ ಹೊರತಂದರು. ಆ ಮಹನೀಯರ ಋಣ ತೀರಿಸುವಂತಹುದಲ್ಲ. ಆದರೆ ಕವಿಯ ಕಾಲ, ಮತ, ಗುರು, ಆಶ್ರಯದಾತ, ಬಿರುದು, ಇಷ್ಟನ್ನು ಹೇಳಿದೊಡನೆ ಕವಿಯ ವಿಚಾರ ಮುಗಿಯಿತೆಂಬ ಭಾವನೆ ಹಲವರಲ್ಲಿ ಬೇರೂರಿತು. ಪಂಪನ ಅರ್ಜುನನಲ್ಲಿ ಅರಿಕೇಸರಿ ಎಷ್ಟು, ರನ್ನನ ಭೀಮನಲ್ಲಿ ಸತ್ಯಾಶ್ರಯ ಎಷ್ಟು ಎಂಬ ಲೆಕ್ಕ ನಡೆಯಿತು. ಗೋಪುರದ ಕಲ್ಲುಗಳಲ್ಲಿ ಬರಹ ಹುಡುಕಿದಂತೆಯೇ ಇದು.

ಆ ಗೋಪುರವನ್ನು ಮತ್ತೆ ಹತ್ತಿದವರಲ್ಲಿ ಮೊದಲಿಗರಾಗಿ ಬಿ. ಎಂ. ಶ್ರೀಕಂಠಯ್ಯನವರನ್ನು ನೆನೆಯಬೇಕು. ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಅವರು 1909ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜನ್ನು ಇಂಗ್ಲಿಷ್ ಅಧ್ಯಾಪಕರಾಗಿ ಸೇರಿದರು. ‘ಇಂಗ್ಲಿಷ್ ಗೀತಗಳು’ ಎಂಬ ಸಣ್ಣ ಪುಸ್ತಕದಿಂದ ಹೊಸಗನ್ನಡ ಕವಿತೆಯ ದಾರಿಯನ್ನೇ ತಿರುಗಿಸಿದರೆಂದು ಎಲ್ಲರೂ ಬಲ್ಲರು. ಅದೇ ಕಾಲದಲ್ಲಿ ಅವರು ಹಳಗನ್ನಡದ ಕಡೆಗೂ ಕಣ್ಣು ತಿರುಗಿಸಿದರೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದ ರಾವಣನನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಬರೆದು, ಅವನನ್ನು ದುರಂತ ನಾಯಕನೆಂದು ಕರೆದರು. ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬ ವ್ರತವಿದ್ದವನು, ಸೀತೆಯ ದುಃಖವನ್ನು ಕಂಡು ಪಶ್ಚಾತ್ತಾಪಗೊಂಡವನು, ಆದರೂ ಸೋತು ಒಪ್ಪಿಸಿದನೆಂಬ ಮಾತು ಬರಬಾರದೆಂದು ಯುದ್ಧವನ್ನು ನಡೆಸಿಯೇ ತೀರಿದವನು, ಇಂಥವನನ್ನು ರಾಕ್ಷಸನೆಂದು ತಳ್ಳುವುದು ಹೇಗೆ? ಗ್ರೀಕರ ರುದ್ರನಾಟಕಗಳನ್ನು ಓದಿ ಪಳಗಿದ ಕಣ್ಣು ಜೈನಪುರಾಣದಲ್ಲಿ ಒಬ್ಬ ಮನುಷ್ಯನನ್ನು ಗುರುತಿಸಿತು. ಅಷ್ಟಕ್ಕೇ ನಿಲ್ಲದೆ ‘ಶ್ರೀ’ಯವರು ರನ್ನನ ‘ಗದಾಯುದ್ಧ’ವನ್ನು, ಬಹುಮಟ್ಟಿಗೆ ರನ್ನನ ಪದ್ಯಗಳನ್ನೇ ಜೋಡಿಸಿ, ನಾಟಕವಾಗಿ ಮಾಡಿದರು. 1929ರಲ್ಲಿ ಬಂದ ‘ಅಶ್ವತ್ಥಾಮನ್’ ನಾಟಕಕ್ಕೆ ಸೊಫೊಕ್ಲೀಸನ ‘ಏಜಾಕ್ಸ್’ ಮಾದರಿ. ಅದರ ಮಾತು ಹಳಗನ್ನಡ. ವಿಮರ್ಶೆಯನ್ನು ನಾಟಕವಾಗಿ ಬರೆಯುವ ಈ ಪದ್ಧತಿಯ ವಿಚಾರಕ್ಕೆ ಮುಂದೆ ಬರುತ್ತೇನೆ.

ರನ್ನನನ್ನೂ ಬಿಯೊವುಲ್ಫನ ಕವಿಯನ್ನೂ ಒಟ್ಟಿಗೆ ತರುವುದು ಬಲವಂತದ ಹೋಲಿಕೆ ಎಂದು ಯಾರಾದರೂ ಹೇಳಬಹುದು. ಹೋಲಿಕೆ ಹೊರಗಿನದು ಮಾತ್ರವಲ್ಲವೆಂದು ನನ್ನ ಭಾವನೆ. ಬಿಯೊವುಲ್ಫನ ಕಥೆ ಎಷ್ಟೇ ಹಳೆಯದಾಗಿರಲಿ, ಅದರ ಹಸ್ತಪ್ರತಿ ಕ್ರಿ. ಶ. 1000ದ ಆಸುಪಾಸಿನದು. ಮುದುವೊಳಲಿನ ರನ್ನನು 993ರಲ್ಲಿ ‘ಅಜಿತಪುರಾಣ’ವನ್ನು ಮುಗಿಸಿದನು, ಅವನು ತೈಲಪ ಮತ್ತು ಸತ್ಯಾಶ್ರಯರ ಆಸ್ಥಾನದ ಕವಿ. ಇಂಗ್ಲೆಂಡಿನ ಯಾವುದೋ ಮಠದಲ್ಲಿ ಲಿಪಿಕಾರನು ಘಟಸರ್ಪದ ಕಥೆಯನ್ನು ಚರ್ಮದ ಹಾಳೆಯ ಮೇಲೆ ನಕಲು ಮಾಡುತ್ತಿದ್ದ ಕಾಲದಲ್ಲಿಯೇ ಕನ್ನಡ ನಾಡಿನಲ್ಲಿ ಓಲೆಯ ಮೇಲೆ ಕಂಠ ಓಡುತ್ತಿದ್ದಿತು. ಎರಡು ಕಾವ್ಯಗಳೂ ಒಬ್ಬ ವೀರನ ಕೊನೆಯ ದಿನದ ಸುತ್ತ ಕಟ್ಟಿದವು. ಬಿಯೊವುಲ್ಫನ ಕವಿ ಮಾತುಮಾತಿಗೆ ಹಿಂದಿನ ಕಥೆಗಳಿಗೆ ತಿರುಗುತ್ತಾನೆಂದು ಪಂಡಿತರು ಆಕ್ಷೇಪಿಸಿದ್ದರು. ಆ ತಿರುವುಗಳೇ ಕಾವ್ಯಕ್ಕೆ ಆಳ ಕೊಡುತ್ತವೆಂದು ಟೋಲ್ಕೀನರು ತೋರಿಸಿದರು. ರನ್ನನಿಗೆ ಆ ಸಮರ್ಥನೆಯೇ ಬೇಕಾಗಿಲ್ಲ. ಒಂದು ದಿನದ ಗದಾಯುದ್ಧವನ್ನು ಹೇಳುತ್ತ ಸಿಂಹಾವಲೋಕನದಿಂದ ಭಾರತವನ್ನೆಲ್ಲ ಹೇಳುತ್ತೇನೆಂದು ಅವನು ತಾನೇ ಸಾರಿದ್ದಾನೆ.

ಇನ್ನು ರಕ್ಕಸರ ವಿಚಾರ. ಗದಾಯುದ್ಧದಲ್ಲಿ ಸರ್ಪವಿಲ್ಲ, ಗ್ರೆಂಡೆಲ್ ಇಲ್ಲ, ಆದರೆ ಮರುಳುಗಳಿವೆ. ತಮ್ಮಂದಿರನ್ನೂ ಕರ್ಣನನ್ನೂ ಕಳೆದುಕೊಂಡ ದುರ್ಯೋಧನನು ಶರಶಯ್ಯೆಯ ಭೀಷ್ಮನನ್ನು ಕಾಣಲೆಂದು ಸಂಜಯನೊಡನೆ ರಣಭೂಮಿಯನ್ನು ದಾಟಿ ಹೋಗುತ್ತಾನೆ. ನೆತ್ತರಲ್ಲಿ ಕಾಲು ಜಾರುತ್ತದೆ. ಹೆಣಗಳು ಅಡ್ಡವಾಗುತ್ತವೆ. ದ್ರೋಣ, ದುಶ್ಶಾಸನ, ಮಗ ಲಕ್ಷಣಕುಮಾರ, ಗೆಳೆಯ ಕರ್ಣ, ಒಬ್ಬೊಬ್ಬರೂ ಬಿದ್ದಿರುವ ಎಡೆಯಲ್ಲಿ ನಿಂತು ಅಳುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ನಿಂತು ಕೈಮುಗಿಯುತ್ತಾನೆ. ಈ ಮೆರವಣಿಗೆಯ ನಡುವೆ, ರಕ್ತವನ್ನು ಕುಡಿದು ಕುಣಿಯುತ್ತಿರುವ ಮರುಳೊಂದು ಕುರುರಾಜನನ್ನು ಅಣಕಿಸುತ್ತದೆ. ಮರುಳು ನಾವಲ್ಲ, ಸಿರಿಯ ಸೊಕ್ಕು ತಲೆಗೇರಿ ಮರುಳಾದವನು ನೀನು, ಎಂಬುದು ಅದರ ಮಾತಿನ ಸಾರ.

ಮರುಳು ಎಂದರೆ ಪಿಶಾಚಿ. ಮರುಳು ಎಂದರೆ ಹುಚ್ಚು. ಒಂದು ಪದದ ಎರಡು ಅರ್ಥಗಳ ಮೇಲೆ ರನ್ನನು ಇಡೀ ಭಾರತದ ಭಾರವನ್ನು ಹೊರಿಸಿದ್ದಾನೆ. ಇದನ್ನು ಬೀಭತ್ಸರಸಕ್ಕೆ ಉದಾಹರಣೆಯೆಂದು ಗುರುತುಹಾಕಿ ಮುಂದೆ ಹೋಗುವುದು ಸುಲಭ. ಆದರೆ ಆ ರಣರಂಗದಲ್ಲಿ ದುರ್ಯೋಧನನಿಗೆ ಉಪಚಾರವಿಲ್ಲದೆ ನಿಜವನ್ನು ಹೇಳುವವರು ಯಾರು? ಸಂಜಯ ಸೇವಕ, ಅವನ ಮಾತಿಗೆ ಮಿತಿಯುಂಟು. ತಂದೆತಾಯಿಗಳದು ಕರುಳಿನ ಮಾತು. ಭೀಷ್ಮನದು ಹಿರಿಯರ ಉಪಾಯ: ಒಂದು ದಿನ ವೈಶಂಪಾಯನ ಸರೋವರದಲ್ಲಿ ಕಾಲ ಕಳೆ, ನಾಳೆ ಬಲರಾಮ ಬರುತ್ತಾನೆ ಎಂದು. ಅಂಜದೆ, ಆಸೆಯಿಲ್ಲದೆ ಮಾತನಾಡುವುದು ಮರುಳೊಂದೇ. ಹೆಣಗಳನ್ನು ತಿನ್ನುವ ಅದಕ್ಕೆ ದೊರೆಯ ಹಂಗು ಯಾವುದು? ರಕ್ಕಸರು ಕಾವ್ಯದ ಅಂಚಿನಲ್ಲಿಲ್ಲ, ನಡುವಿನಲ್ಲಿದ್ದಾರೆಂದು ಟೋಲ್ಕೀನರು ಹೇಳಿದ ಮಾತು ಬಿಯೊವುಲ್ಫನಿಗೆ ಎಷ್ಟು ಸಲ್ಲುತ್ತದೆಯೋ ರನ್ನನ ಈ ಸನ್ನಿವೇಶಕ್ಕೂ ಅಷ್ಟೇ ಸಲ್ಲುತ್ತದೆ.

ಇಲ್ಲಿಗೆ ಇಬ್ಬರು ಪಂಡಿತರೂ ಜೊತೆಯಾಗಿ ನಡೆದರು. ಮುಂದೆ ಅವರ ದಾರಿ ಬೇರೆಯಾಗುತ್ತದೆ. ಆ ಕವಲಿನಲ್ಲಿಯೇ ನಮಗೆ ಮುಖ್ಯವಾದ ಪ್ರಶ್ನೆಯಿದೆ.

991ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಪೂರ್ವತೀರದ ಮಾಲ್ಡನ್ ಎಂಬಲ್ಲಿ ಒಂದು ಕದನ ನಡೆಯಿತು. ಕಡಲಿನಿಂದ ಬಂದ ವೈಕಿಂಗರು ನಡುಗಡ್ಡೆಯಲ್ಲಿ ಸಿಕ್ಕಿಕೊಂಡಿದ್ದರು. ದಡಕ್ಕೆ ಬರಲು ಇದ್ದುದು ಒಂದೇ ಇಕ್ಕಟ್ಟಾದ ದಾರಿ. ಎಸೆಕ್ಸಿನ ನಾಯಕ ಬಿರ್ಟ್‌ನಾತನು ಅವರನ್ನು ಅಲ್ಲಿಯೇ ತಡೆಯಬಹುದಾಗಿದ್ದಿತು. ಆದರೆ ಸರಿಸಮನಾಗಿ ಕಾದೋಣ ಬನ್ನಿ ಎಂದು ಅವರನ್ನು ದಾಟಿಬರಗೊಟ್ಟನು, ಬಿದ್ದನು. ಅವನ ಮನೆಯಾಳುಗಳು ಒಡೆಯನ ಹೆಣದ ಸುತ್ತ ನಿಂತು, ಗೆಲವಿಲ್ಲವೆಂದು ತಿಳಿದೂ ಹೋರಾಡಿ, ಒಬ್ಬೊಬ್ಬರಾಗಿ ಮಡಿದರು. ಈ ಕದನದ ಹಾಡು ಅರೆಬರೆಯಾಗಿ ಉಳಿದಿದೆ. ವೀರಕಾವ್ಯದ ಶಿಖರವೆಂದು ಅದನ್ನು ಪಂಡಿತರು ಹೊಗಳುತ್ತ ಬಂದಿದ್ದರು.

1953ರಲ್ಲಿ ಟೋಲ್ಕೀನರು ಈ ಹಾಡಿಗೆ ವಿಮರ್ಶೆ ಬರೆದರು. ಬರೆದುದು ನಾಟಕದ ರೂಪದಲ್ಲಿ. ಕದನ ಮುಗಿದ ರಾತ್ರಿ ಇಬ್ಬರು ಆಳುಗಳು ಲಾಂದ್ರ ಹಿಡಿದು ಒಡೆಯನ ಹೆಣವನ್ನು ಹುಡುಕುತ್ತ ಬರುತ್ತಾರೆ. ಒಬ್ಬ ಹಳೆಯ ವೀರಗೀತೆಗಳನ್ನು ಕೇಳಿ ಬೆಳೆದ ಹುಡುಗ; ಕತ್ತಲೆಯಲ್ಲಿ ದೆವ್ವಗಳನ್ನು ಕಂಡು ನಡುಗುತ್ತಾನೆ. ಇನ್ನೊಬ್ಬ ಯುದ್ಧವನ್ನು ಕಂಡ ಮುದಿ ಒಕ್ಕಲಿಗ. ಹೆಣ ಎತ್ತುವ ಕೆಲಸ ನೋಡು ಎನ್ನುತ್ತಾನೆ. ನಾಟಕದ ಹಿಂದೆಯೇ ಒಂದು ಟಿಪ್ಪಣಿ. ಹಾಡಿನ ಕವಿ ನಾಯಕನ ವಿಚಾರವಾಗಿ ‘ಒಫರ್‌ಮೋಡ್’ ಎಂಬ ಪದವನ್ನು ಬಳಸಿದ್ದಾನೆ. ಅದಕ್ಕೆ ಧೀರೋದಾತ್ತತೆ ಎಂದು ಅರ್ಥ ಹೇಳಬೇಡಿ, ಅದು ಮಿತಿಮೀರಿದ ಅಹಂಕಾರ, ಎಂದು ಟೋಲ್ಕೀನರ ವಾದ. ತನ್ನ ಕೀರ್ತಿಯ ಆಸೆಯಿಂದ ತನ್ನನ್ನು ನಂಬಿದವರನ್ನು ಸಾವಿಗೊಪ್ಪಿಸುವ ಹಕ್ಕು ಒಡೆಯನಿಗಿಲ್ಲ. ಮೆಚ್ಚತಕ್ಕುದು ಕೊನೆಯ ವರೆಗೆ ನಿಂತ ಆಳಿನ ನಿಷ್ಠೆ, ಒಡೆಯನ ಬಿಂಕವಲ್ಲ. ಮುಪ್ಪಿನಲ್ಲಿ ಸರ್ಪದೊಡನೆ ಒಬ್ಬನೇ ಕಾದಲು ಹೊರಟ ಬಿಯೊವುಲ್ಫನನ್ನು ಕೂಡ ಅವರು ಈ ತಕ್ಕಡಿಯಲ್ಲಿ ಇಟ್ಟು ತೂಗಿದರು. 1916ರ ಸೊಮ್ ಕದನದ ಕಂದಕಗಳಲ್ಲಿ ಇದ್ದು ಬಂದವರು ಅವರು. ಜೊತೆಯಲ್ಲಿ ಓದಿದ ಗೆಳೆಯರನ್ನು ಆ ಯುದ್ಧದಲ್ಲಿ ಕಳೆದುಕೊಂಡವರು. ಹೆಣಗಳ ನಡುವೆ ಲಾಂದ್ರ ಹಿಡಿದು ನಡೆಯುವುದೆಂದರೇನೆಂದು ಅವರಿಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ.

ಒಫರ್‌ಮೋಡ್ ಎಂಬುದಕ್ಕೆ ಕನ್ನಡದಲ್ಲಿ ಹತ್ತಿರದ ಪದ ಯಾವುದು? ಛಲ ಎಂದೇ ತೋರುತ್ತದೆ. ಆದರೆ ನಮ್ಮ ಕಿವಿಗೆ ಛಲ ಎಂಬುದು ಬೈಗುಳಲ್ಲ, ಬಿರುದು. ಪಂಪನೂ ರನ್ನನೂ ಕೂಡಿ ದುರ್ಯೋಧನನಿಗೆ ಈ ಬಿರುದನ್ನು ಕೊಟ್ಟರು. ‘ಶ್ರೀ’ಯವರು ಅದಕ್ಕೆ ರುದ್ರನಾಟಕದ ಕಿರೀಟವನ್ನು ತೊಡಿಸಿದರು. ಆಗ ನಡೆದುದೇನು? ಶತಮಾನಗಳಿಂದ ಕೇವಲ ದುಷ್ಟನಾಗಿದ್ದ ಒಬ್ಬನು ಮನುಷ್ಯನಾದನು. ತಂದೆತಾಯಿಗಳ ಮುಂದೆ ತಲೆಬಾಗಿ, ಸಂಧಿಗೆ ಒಪ್ಪದೆ, ಕರ್ಣನಿಲ್ಲದ ರಾಜ್ಯ ತನಗೇಕೆಂದು ಹೊರಡುವ ದುರ್ಯೋಧನನ ದನಿ ಕನ್ನಡಿಗರ ಕಿವಿಯಲ್ಲಿ ಹೊಸದಾಗಿ ಮೊಳಗಿತು. ಇದು ದೊಡ್ಡ ಲಾಭ. 1931ರಲ್ಲಿ ಕುವೆಂಪು ಅವರ ‘ಸ್ಮಶಾನ ಕುರುಕ್ಷೇತ್ರಂ’ ನಾಟಕ ಅದೇ ರಣಭೂಮಿಗೆ ನಮ್ಮನ್ನು ಕರೆದೊಯ್ದುದನ್ನೂ ಇಲ್ಲಿ ನೆನೆಯಬೇಕು.

ಆದರೆ ಲಾಭದೊಡನೆ ನಷ್ಟವೂ ಇಲ್ಲವೆ? ರುದ್ರನಾಟಕದ ದೀಪವನ್ನು ನಾಯಕನ ಮುಖದ ಮೇಲೆ ಹಿಡಿದಾಗ ಅವನ ಕಾಲಡಿಯ ಹೆಣಗಳು ಕತ್ತಲೆಗೆ ಸರಿಯುತ್ತವೆ. ಅವನ ಪತನ ನಮ್ಮ ಕಣ್ಣಲ್ಲಿ ನೀರು ತರಿಸುತ್ತದೆ. ಹನ್ನೊಂದು ಅಕ್ಷೋಹಿಣಿ ಅವನಿಗಾಗಿ ಸತ್ತುದು ಬರಿಯ ಸಂಖ್ಯೆಯಾಗುತ್ತದೆ. ‘ಮಹಾನುಭಾವ’ನ ದುರಂತವೆಂದು ಕೊಂಡಾಡುತ್ತ ಕೊಂಡಾಡುತ್ತ ನಾವು ಮರುಳಿನ ಮಾತನ್ನು ಮರೆಯುತ್ತೇವೆ. ನಮ್ಮ ತರಗತಿಗಳಲ್ಲಿ, ಭಾಷಣಗಳಲ್ಲಿ ರನ್ನನ ದುರ್ಯೋಧನನನ್ನು ಹೊಗಳುವ ರೀತಿಯನ್ನು ಕೇಳಿದಾಗ ಈ ಸಂಶಯ ನನ್ನನ್ನು ಎಷ್ಟೋ ಸಲ ಕಾಡಿದೆ. ಸೋಲುವ ತನಕ ಹಟ ಬಿಡದವನೇ ದೊಡ್ಡವನೆಂದು ಎಳೆಯರಿಗೆ ಹೇಳಿಕೊಡುವುದು ಸಣ್ಣ ಮಾತಲ್ಲ. ಒಡೆಯರ ಛಲಕ್ಕೆ ಆಳುಗಳು ಸಾಯುವುದು ಭಾರತದ ಕಾಲಕ್ಕೇ ಮುಗಿದ ಕಥೆಯೆ?

‘ಶ್ರೀ’ಯವರ ಮೇಲೆ ಇದನ್ನು ತಪ್ಪಾಗಿ ಹೊರಿಸುವುದು ನನ್ನ ಉದ್ದೇಶವಲ್ಲ. ಅವರು ಎದ್ದುನಿಂತ ಕಾಲದಲ್ಲಿ ಬೇಕಾಗಿದ್ದುದು ಬೇರೆ. ಹಳಗನ್ನಡವೆಂದರೆ ವ್ಯಾಕರಣದ ಕಗ್ಗ ಎಂದು ಇಂಗ್ಲಿಷು ಕಲಿತವರು ಮೂಗು ಮುರಿಯುತ್ತಿದ್ದ ದಿನಗಳವು. ಗ್ರೀಕರ ಎತ್ತರಕ್ಕೆ ನಿಲ್ಲಬಲ್ಲ ನಾಯಕನು ನಮ್ಮಲ್ಲಿಯೂ ಇದ್ದಾನೆಂದು ತೋರಿಸಿದುದು ಒಂದು ಭಾಷೆಯ ಆತ್ಮಗೌರವದ ಕೆಲಸ. 1911ರಲ್ಲಿಯೇ ಧಾರವಾಡದಲ್ಲಿ ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಮಾತನಾಡಿದವರು ಅವರು. ತಲೆಯೆತ್ತಿದ ನಾಯಕನನ್ನು ಅವರ ಕಣ್ಣು ಹುಡುಕಿದುದು ಸಹಜ. ಟೋಲ್ಕೀನರಿಗೆ ಆ ಅವಶ್ಯಕತೆಯಿರಲಿಲ್ಲ. ಅವರ ಭಾಷೆ ಆಗಲೇ ಅರ್ಧ ಜಗತ್ತನ್ನು ಆಳುತ್ತಿದ್ದಿತು. ಆಳುವವರ ಭಾಷೆಯ ಪಂಡಿತನು ಒಡೆಯನ ಅಹಂಕಾರವನ್ನು ಪ್ರಶ್ನಿಸಿದನು. ಆಳಿಸಿಕೊಂಡವರ ಭಾಷೆಯ ಪಂಡಿತನು ಬಗ್ಗದ ತಲೆಯನ್ನು ಮೆಚ್ಚಿದನು. ಎರಡೂ ಅವರವರ ಕಾಲದ ಅಗತ್ಯಗಳು. ಆದರೆ ನಾವು ಇಂದು ಯಾವುದೇ ಒಂದನ್ನು ಹಿಡಿದುಕೊಂಡು ಕೂಡಬೇಕಾಗಿಲ್ಲ.

ರನ್ನನಾದರೂ ಹಾಗೆ ಕೂಡಲಿಲ್ಲ. ಅವನ ಕಾವ್ಯಕ್ಕೆ ಅವನೇ ಇಟ್ಟ ಹೆಸರು ‘ಸಾಹಸಭೀಮವಿಜಯ’, ನಾಯಕ ಭೀಮ, ಭೀಮನೆಂದರೆ ಆಶ್ರಯದಾತ ಸತ್ಯಾಶ್ರಯ. ಹತ್ತು ಆಶ್ವಾಸಗಳ ಕೊನೆಗೆ ಪಟ್ಟವಾಗುವುದೂ ಭೀಮನಿಗೆ. ಅನ್ನವಿಟ್ಟ ದೊರೆಯ ಗೆಲವನ್ನು ಹಾಡುತ್ತಲೇ ಸೋತ ಶತ್ರುವಿಗೆ ಕಣ್ಣೀರು ಸುರಿಸಿದ. ಆ ಶತ್ರುವಿಗೆ ಕಣ್ಣೀರು ಸುರಿಸುತ್ತಲೇ ಅವನ ಮುಖಕ್ಕೆ ಮರುಳಿನಿಂದ ಕನ್ನಡಿ ಹಿಡಿಸಿದ. ಭೀಮನ ಆರ್ಭಟಕ್ಕೆ ನೀರಿನೊಳಗಿದ್ದೂ ದುರ್ಯೋಧನ ಬೆವರಿದನೆಂದು ಬರೆದವನೂ ಅವನೇ. ಹೊಗಳಿಕೆ, ಮರುಕ, ನಿಷ್ಠುರ, ಮೂರೂ ಒಂದೇ ಕೈಯಿಂದ ಬಂದವು. ನಾವು ಅದರಲ್ಲಿ ಒಂದನ್ನು ಮಾತ್ರ ಆರಿಸಿಕೊಂಡರೆ ರನ್ನನಿಗೆ ಅನ್ಯಾಯವಾಗುತ್ತದೆ.

ಟೋಲ್ಕೀನರ ವಿಚಾರದಲ್ಲಿಯೂ ಒಂದು ಆಕ್ಷೇಪ ಹೇಳಿಯೇ ಮುಂದೆ ಹೋಗಬೇಕು. ಗೋಪುರದ ದೃಷ್ಟಾಂತ ಸೊಗಸಾಗಿದೆ; ಅದು ಪೂರ್ತಿ ನ್ಯಾಯವಲ್ಲ. ಕಲ್ಲಿನ ಬರಹ ಓದಿದವರ ಶ್ರಮವಿಲ್ಲದಿದ್ದರೆ ರನ್ನನ ಭೀಮನ ಹಿಂದೆ ಸತ್ಯಾಶ್ರಯನಿದ್ದಾನೆಂದು ನಾವು ದೃಢವಾಗಿ ತಿಳಿಯುತ್ತಿದ್ದೆವೆ? ಅದು ತಿಳಿಯದಿದ್ದರೆ, ದೊರೆಯ ಶತ್ರುಸ್ಥಾನದಲ್ಲಿರುವವನಿಗೆ ಆಸ್ಥಾನಕವಿ ತೋರಿಸಿದ ಮರುಕದ ಧೈರ್ಯ ನಮಗೆ ಕಾಣುತ್ತಿರಲಿಲ್ಲ. ಟೋಲ್ಕೀನರೇ ತಮ್ಮ ಬದುಕಿನಿಂದ ತಮ್ಮ ದೃಷ್ಟಾಂತವನ್ನು ತಿದ್ದಿದ್ದಾರೆ. ಅವರ ಕಥೆಗಳ ಊರುಗಳೂ ಜೀವಿಗಳೂ ಹುಟ್ಟಿದುದು ಪದಗಳಿಂದ. ಹಳೆಯ ಇಂಗ್ಲಿಷಿನಲ್ಲಿ ‘ಎಂಟ್’ ಎಂದರೆ ದೈತ್ಯ. ಪಾಳುಬಿದ್ದ ಕೋಟೆಗಳನ್ನು ಆ ದೈತ್ಯರು ಕಟ್ಟಿದರೆಂದು ಕವಿಗಳು ಹೇಳುತ್ತಿದ್ದರು. ಆ ಪದವೇ ಅವರ ಕೈಯಲ್ಲಿ ನಡೆದಾಡುವ ಮರವಾಯಿತು. ಬಿಯೊವುಲ್ಫಿನಲ್ಲಿ ಕಳ್ಳನೊಬ್ಬ ಸರ್ಪದ ನಿಧಿಯಿಂದ ಬಟ್ಟಲನ್ನು ಕದ್ದುದು ‘ಹಾಬಿಟ್’ ಕಥೆಯಲ್ಲಿ ಮರುಹುಟ್ಟು ಪಡೆಯಿತು. ಪದದ ಬೇರನ್ನು ಬಲ್ಲವನೇ ಗೋಪುರದ ತುದಿಯನ್ನೂ ಹತ್ತಬಲ್ಲ. ಮರುಳು ಎಂಬ ಪದದ ಎರಡು ಅರ್ಥ ತಿಳಿಯದವನಿಗೆ ರನ್ನನ ಆ ಪದ್ಯ ತೆರೆಯುವುದೇ ಇಲ್ಲವಷ್ಟೆ!

ಹಾಗಾದರೆ ಇಂದು ನಮ್ಮ ಕರ್ತವ್ಯವೇನು? ಮಹಾರಾಜಾ ಕಾಲೇಜಿನಲ್ಲಿ 1927ರಲ್ಲಿ ಕನ್ನಡ ಎಂ. ಎ. ತರಗತಿ ಆರಂಭವಾದಾಗ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದ ‘ಶ್ರೀ’ಯವರು ಕನ್ನಡಕ್ಕೂ ದುಡಿದರು. ಇಂಗ್ಲಿಷು ಓದಿದವರು ಕನ್ನಡದ ಮನೆಗೆ, ಕನ್ನಡ ಓದಿದವರು ಇಂಗ್ಲಿಷಿನ ಮನೆಗೆ ಹೋಗಿಬರುವ ಬಾಗಿಲೊಂದು ಆಗ ತೆರೆದಿದ್ದಿತು. ಟೋಲ್ಕೀನರ ಕಥೆಗಳನ್ನು ಇಂದು ಉತ್ಸಾಹದಿಂದ ಓದುವ ನಮ್ಮ ತರುಣ ತರುಣಿಯರು ಆ ಬಾಗಿಲಿನಿಂದ ಒಂದು ಸಲ ಈಚೆಗೆ ಬಂದು ನೋಡಬೇಕು. ಸಾವಿರ ವರ್ಷದ ಹಿಂದಿನ ರಣರಂಗ, ಹೆಣಗಳ ನಡುವೆ ನಡೆಯುವ ಇಬ್ಬರು, ನಿಜವನ್ನು ನುಡಿಯುವ ಪಿಶಾಚಿ, ಸರೋವರದಡಿಯಲ್ಲಿ ಅಡಗಿದ ಅರಸ, ಇವೆಲ್ಲ ಅವರ ಮನೆಯ ಅಟ್ಟದ ಮೇಲೆಯೇ ಇವೆ. ಟೋಲ್ಕೀನರು ಬಿಯೊವುಲ್ಫನ ಮೊದಲ ಸಾಲುಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರೆಂದೂ ಆಗ ಕೊಠಡಿ ಹಳೆಯ ಕಾಲದ ಓಲಗಶಾಲೆಯಾಗುತ್ತಿತ್ತೆಂದೂ ಅವರ ಶಿಷ್ಯರು ನೆನ‍ೆದಿದ್ದಾರೆ. ಅರ್ಥ ಪೂರ್ತಿ ಆಗದಿದ್ದರೂ ಕಿವಿಗೆ ಮೊದಲು ಬೀಳಲಿ. ರನ್ನನ ಕಂದಪದ್ಯಗಳನ್ನು ಗಟ್ಟಿಯಾಗಿ ಓದುವವರೊಬ್ಬರು ಪ್ರತಿ ಊರಿನಲ್ಲಿಯೂ ಸಿಕ್ಕಿದರೆ ಅರ್ಧ ಕೆಲಸ ಆದಂತೆಯೇ.

ದೊಡ್ಡಹುಂಡಿಯ ಕಲ್ಲಿಗೆ ಹಿಂತಿರುಗೋಣ. ಅದರ ಮೇಲೆ ಅರಸನ ಬಿರುದುಗಳಿವೆ. ಅವುಗಳೊಡನೆಯೇ, ಅರಸನಲ್ಲದ ಒಬ್ಬ ಮನೆಯಾಳಿನ ಹೆಸರೂ ಉಳಿದಿದೆ. ಅಗರಯ್ಯನು ಒಲಿದು ಇಳಿದನೋ, ಲೋಕ ಏನೆಂದೀತೆಂದು ಇಳಿದನೋ ಕಲ್ಲು ಹೇಳುವುದಿಲ್ಲ. ‘ಶ್ರೀ’ಯವರು ಅದನ್ನು ಓದಿದ್ದರೆ ಮಂಚದ ಮೇಲಿನ ಅರಸನ ಮುಖವನ್ನು ಮೊದಲು ನೋಡುತ್ತಿದ್ದರೇನೋ, ಟೋಲ್ಕೀನರು ಓದಿದ್ದರೆ ಬಳಿಯಲ್ಲಿದ್ದ ಆಳಿನ ಮುಖವನ್ನು. ರನ್ನನು ಓದಿದ್ದರೆ ಇಬ್ಬರನ್ನೂ ನೋಡಿ, ಆ ಮೇಲೆ ಗುಣಿಯ ಅಂಚಿನಲ್ಲಿ ಒಂದು ಮರುಳನ್ನು ಕೂರಿಸುತ್ತಿದ್ದನೆಂಬುದರಲ್ಲಿ ನನಗೆ ಸಂದೇಹವಿಲ್ಲ.